ಬೇಣ ಎಂಬ ಪದ

ಮಾವನ ಬಲಗೈ ತೋರುಬೆರಳಿನ ತುದಿ ಸೀಮೆಸುಣ್ಣಕ್ಕೆ ಒಡೆದು, ಬಿರುಕುಗಳಲ್ಲಿ ಬಿಳಿ ಗೆರೆ ನಿಂತಿರುತ್ತಿತ್ತು. ಎಡಗೈಯೋ ಏನೋ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹೊನ್ನಾವರದಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವರು ನನಗೆ ಸೋದರಮಾವ, ಪಿಯುಸಿಯಲ್ಲಿ ಮೇಷ್ಟ್ರೂ ಹೌದು. ಡಿಎನ್‌ಎಯಲ್ಲಿ ಪ್ರೋಟೀನ್ ಕಟ್ಟುವ ಸೂಚನೆ ಇರುವುದು ಸ್ವಲ್ಪ ಭಾಗದಲ್ಲಿ ಮಾತ್ರ. ಉಳಿದದ್ದು ಕಸ ಎಂದು ಆಗೆಲ್ಲ ವಿಜ್ಞಾನಿಗಳು ಹೇಳುತ್ತಿದ್ದರು. ಮಾವ ಒಪ್ಪುತ್ತಿರಲಿಲ್ಲ.

"ಕಸ ಎಂತಕ್ಕೆ ಅಂಬುದು? ಬೇಣ ಅನ್ನಿ. ಯಾರೂ ಬಿತ್ತದೆ ಬಿಟ್ಟ ಜಾಗ. ಅಲ್ಲಿ ಎಂತ ಹುಟ್ತದೆ ಅಂತ ಯಾರಿಗೆ ಗೊತ್ತು?"

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಣ್ಣುನೊಣಗಳಲ್ಲಿ ಹೊಸ ಜೀನ್ ಹುಟ್ಟಿದ ಸುದ್ದಿ ತಿಳಿದು, ರಜೆಯಲ್ಲಿ ಬಂದವಳೇ ಮಾವನಿಗೆ ಹೇಳಿದೆ: ಆ ಬೇಣದ ಡಿಎನ್‌ಎ ಅಕ್ಷರಗಳು ಸುಮ್ಮನೆ ಬದಲಾಗುತ್ತ, ಎಲ್ಲೋ ಒಂದು ಆರಂಭದ ಗುರುತು, ಒಂದು ಕೊನೆಯ ಗುರುತು ಕೂಡಿಬಂದರೆ ಜೀವಕೋಶ ಅದನ್ನೂ ಓದಿಬಿಡಬಹುದು, ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನಂಥ ಒಂದು ತುಣುಕು, ಹುಟ್ಟಬಹುದು. ಹೆಚ್ಚಿನವು ಅಳಿಯುತ್ತವೆ. ಅಪರೂಪಕ್ಕೊಂದು ಜೀವಿಗೆ ಬೇಕಾಗಿ ಉಳಿದು ಹೊಸ ಜೀನ್ ಆಗುತ್ತದೆ.

ಮಾವ ತೊಡೆ ತಟ್ಟಿ ನಕ್ಕರು. "ಹುಟ್ಟುವಾಗ ಅರ್ಥ ಇರ್ಲಿಲ್ಲ ಅಂತ ಕಡೀವರೆಗೂ ಇಲ್ಲ ಅಂದ್ರೆ ಹೆಂಗೆ? ಬರ್ಕೊ ಮಾರಾಯ್ತಿ, ಪರೀಕ್ಷೆಗೆ ಬರ್ತದೆ."

"ಚಾ ಆರಿ ಹೋತು, ಅದ್ಕೂ ಒಂದು ಪಾಠ ಮಾಡಿ," ಎಂದರು ಅತ್ತೆ ಒಳಗಿನಿಂದ.

ಎರಡು ವರ್ಷದ ಮೇಲೆ ಪಾರ್ಶ್ವವಾಯು ಮಾವನ ಮಾತನ್ನು ಕಸಿಯಿತು. ದಿನವಿಡೀ ಬರೀ ಸದ್ದು: ಗಬ, ತಲ, ನಿಬ. ನುಂಗುವ ಶಕ್ತಿಯೂ ಇರಲಿಲ್ಲ. ಬಾಯಿಗೆ ಹನಿ ಹಾಕಿದರೂ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಮೂಗಿನ ನಳಿಗೆಯಲ್ಲೇ ಗಂಜಿ. ಒಂದು ಮಧ್ಯಾಹ್ನ ಆ ಸದ್ದುಗಳ ನಡುವೆ ಸ್ಪಷ್ಟವಾಗಿ "ನೀರು" ಎಂದು ಕೇಳಿಸಿತು. ಅತ್ತೆ ಚೊಂಬು ಹಿಡಿದು ಎದ್ದರು. ನಾನು ಅವರ ಕೈ ಹಿಡಿದೆ.

"ಅತ್ತೆ, ಅದು ಮಾತಲ್ಲ. ಇಷ್ಟು ಸದ್ದು ಹೊರಟ್ರೆ ಒಂದಾದ್ರೂ ಪದದ ಹಾಂಗೆ ಕೇಳ್ತದೆ."

"ಹೌದನೆ? ನೀನು ಓದಿದವಳು."

ಚೊಂಬು ಕೆಳಗಿಟ್ಟರು. ಮಾವ ನನ್ನನ್ನೇ ನೋಡುತ್ತಿದ್ದರೋ, ನನ್ನ ಹಿಂದಿನ ಕಿಟಕಿಯನ್ನೋ. ನಾಲ್ಕನೆಯ ದಿನ ಹೋದರು.

ನೀರು ಕೊಡದೆ ಇದ್ದದ್ದು ಸರಿಯೇ ಇರಬಹುದು. ಆದರೆ "ಆತು ಮಾವ, ಕೇಳಿಸ್ತು" ಎಂದು ತುಟಿಗೆ ಒದ್ದೆ ಬಟ್ಟೆ ಸವರಬಹುದಿತ್ತು. ಅದೂ ಹೊಳೆಯಲಿಲ್ಲ. ಮಾತಲ್ಲ ಎಂದು ತೀರ್ಪು ಕೊಟ್ಟಿದ್ದೆನಲ್ಲ.

ವರ್ಷ ಕಳೆದು ಅತ್ತೆಯನ್ನು ಕೇಳಿದೆ: "ಅವತ್ತು ಮಾವ ನೀರೇ ಕೇಳಿದ್ರಾ?"

ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಸವೆಂದು ತೆಗೆದಿಟ್ಟಿದ್ದ ಒಂದು ಕಾಳನ್ನು ಮತ್ತೆ ಅಕ್ಕಿಗೆ ಸೇರಿಸಿದರು.