ಹಗ್ಗದ ಮೇಲೆ ಭಾವನ ಸರದಿ

ನಮ್ಮ ಭಾವನಿಗೆ ತಲೆನೋವು ಬರುವುದೇ ಇಲ್ಲ ಎಂದು ಇಪ್ಪತ್ತೆರಡು ವರ್ಷ ಎಲ್ಲರೂ ನಂಬಿದ್ದೆವು. ನಂಬಿಸಿದವರು ಅವರೇ. ಹಿಮದ ಬೆಟ್ಟ ಹತ್ತಲು ಬರುವ ತಂಡಗಳಿಗೆ ಅವರು ಮಾರ್ಗದರ್ಶಿ, ನಾನು ಅಡುಗೆಯವನು. ಅಕ್ಕನನ್ನು ಮದುವೆಯಾದ ವರ್ಷವೇ ನನ್ನನ್ನೂ ಕೆಲಸಕ್ಕೆ ಎಳೆದುಕೊಂಡು ಹೋದರು. "ಇವನು ಕೆಳಗಿದ್ರೆ ಮನೆ ಹಾಳು, ಮೇಲಿದ್ರೆ ಬರೀ ಸೂಪು ಹಾಳು" ಎಂದರಂತೆ. ಆ ಮಾತಿಗೆ ನನಗೆ ಇಂದಿಗೂ ಕೋಪವಿದೆ. ನನ್ನ ಸೂಪಿಗೆ ಬೇರೆ ಯಾರೂ ಹೆಸರಿಟ್ಟಿಲ್ಲ.

ಭಾವನದ್ದೊಂದು ಪದ್ಧತಿಯಿತ್ತು. ಉಸಿರಾಡಲು ಗಾಳಿ ಸಾಲದ ಎತ್ತರಕ್ಕೆ ಹೋದಮೇಲೆ ಪ್ರತಿದಿನ ಬೆಳಗ್ಗೆ ಡೇರೆಗಳ ಮುಂದೆ ಹಗ್ಗವೊಂದನ್ನು ನೇರವಾಗಿ ಹಾಸುವರು. ತಂಡದ ಒಬ್ಬೊಬ್ಬರೂ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಬೇಕು. ತೂರಾಡಿದರೆ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ಆಗಲೇ ಕೆಳಗಿಳಿಸಬೇಕು, ತಡಮಾಡಿದರೆ ಹೆಣ ಇಳಿಸಬೇಕಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದುಕೊಂಡು ಬಂದವರು ಎಷ್ಟೋ ಮಂದಿ ಅತ್ತರು, ಕೂಗಾಡಿದರು. ಭಾವ ಒಂದು ದಿನವೂ ಜಗ್ಗಲಿಲ್ಲ.

ಹಗ್ಗ ಹಾಸುವವರು ಮಾತ್ರ ಅದರ ಮೇಲೆ ನಡೆದವರಲ್ಲ. ದೀಪದ ಬುಡದಲ್ಲೇ ಕತ್ತಲು! ಈ ಕಾಯಿಲೆ ತಲೆನೋವಿನಿಂದಲೇ ಶುರು, ನಮ್ಮ ಕಸುಬಿನವರಿಗೆ ಅದೆಂದರೆ ಮರ್ಯಾದೆ ಹೋದಂತೆ. ಜೊತೆಗೆ ನಮಗೆ ಕೆಲಸ ಕೊಡುವ ಕಂಪನಿಯ ನಿಯಮ ಬೇರೆ. ಐವತ್ತು ದಾಟಿದ ಮಾರ್ಗದರ್ಶಿಯನ್ನು ಒಮ್ಮೆ ಕಾಯಿಲೆಯೆಂದು ಇಳಿಸಿದರೆ ಮತ್ತೆ ಹತ್ತಲು ಬಿಡುವುದಿಲ್ಲ. ಭಾವನಿಗೆ ಐವತ್ತನಾಲ್ಕು. ಕೆಳಗೆ ಅವರಿಗೆ ಬರುವ ಕೆಲಸ ಯಾವುದೂ ಇಲ್ಲ. ಮನೆಯಲ್ಲಿ ಬಲ್ಬ್ ಬದಲಾಯಿಸುವವಳೂ ಅಕ್ಕನೇ.

ಹೋದ ವರ್ಷದ ಕೊನೆಯ ತಂಡದಲ್ಲಿ ಏಳು ಜನ. ಭಾವನ ಮಗಳೇ ಸಹಾಯಕ ಮಾರ್ಗದರ್ಶಿ. ಶಿಖರ ಹತ್ತಲು ಇನ್ನೊಂದೇ ದಿನವಿತ್ತು. ಬೆಳಗ್ಗೆ ನಾನು ಚಹಾ ಕೊಟ್ಟರೆ ಭಾವ ಲೋಟ ಬಿಟ್ಟು ಪಕ್ಕದ ಗಾಳಿಯನ್ನು ಹಿಡಿದರು. ಆಮೇಲೆ ಎಡಗಾಲಿನ ಬೂಟನ್ನು ಬಲಗಾಲಿಗೆ ತುರುಕುತ್ತ, ಬೂಟನ್ನೇ ಬೈಯುತ್ತ ಕೂತರು.

"ಭಾವ, ತಲೆ ನೋಯ್ತಿದೆಯಾ?"

"ನಿನ್ನ ಚಹಾ ಕುಡಿದ್ರೆ ಯಾರಿಗೆ ನೋಯಲ್ಲ? ಹೋಗೋ, ಒಲೆ ನೋಡ್ಕೋ."

ನೀರಿನ ಬಾಟಲಿ ತುಂಬಿಸುತ್ತಿದ್ದ ಅಕ್ಕನ ಮಗಳ ಹತ್ತಿರ ಓಡಿದೆ. ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. "ನಿನ್ನೆಯಿಂದ ನೋಡ್ತಿದೀನಿ ಮಾವ. ಏಳು ಜನರನ್ನ ಎಣಿಸಿ ಎಣಿಸಿ ಒಂಬತ್ತು ಅಂತಿದ್ರು."

"ಅಯ್ಯೋ, ನೋಡ್ತಾ ಕೂತಿದ್ದೀಯಲ್ಲೇ! ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ಕೆಲಸ ಹೋಗುತ್ತೆ. ಸತ್ತೇಹೋಗ್ತಾರೆ ಆಮೇಲೆ. ನೀನೇ ಹೇಳು, ನಿನಗೆ ಭಾವ."

"ನಿನಗೆ ಅಪ್ಪ!"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ನಿಂತಿತು. ನಾಚಿಕೆಯಾಗಬೇಕು ನನಗೆ, ಸೌಟು ಹಿಡಿದು ಒಲೆಯ ಕಡೆ ತಿರುಗಿಕೊಂಡೆ.

ಏಳೂ ಜನ ಹಗ್ಗದ ಮೇಲೆ ನೆಟ್ಟಗೆ ನಡೆದರು. ಭಾವ ಹಗ್ಗ ಸುತ್ತಲು ಬಗ್ಗಿದಾಗ ಮಗಳು ಅದರ ಮೇಲೆ ಕಾಲಿಟ್ಟಳು.

"ಅಪ್ಪ, ಇನ್ನೊಬ್ಬರು ಬಾಕಿ."

"ಯಾರೇ?"

"ನೀನು."

"ತಲೆ ಕೆಟ್ಟಿದೆಯಾ ನಿಂಗೆ? ನಿನ್ನನ್ನ ಬೆನ್ನಿಗೆ ಕಟ್ಕೊಂಡು ಹತ್ತಿದೋನು ಕಣೇ ನಾನು!"

"ಹೌದಪ್ಪ. ಈಗ ನಡಿ." ಅವಳ ಕಾಲು ಹಗ್ಗದ ಮೇಲಿಂದ ಕದಲಲಿಲ್ಲ.

ಭಾವ ನಡೆದರು. ನಾಲ್ಕು ಹೆಜ್ಜೆ ಸರಿಯಾಗಿತ್ತು, ಐದನೆಯದಕ್ಕೆ ವಾಲಿ ಕುಸಿದು ಕೂತರು. ಯಾರೂ ಹೇಳದೆಯೇ ಎದ್ದು ಮೊದಲಿಂದ ಶುರುಮಾಡಿದರು. ಈ ಸಲ ಮೂರನೆಯ ಹೆಜ್ಜೆಗೇ ಬಿದ್ದರು. "ಕಲ್ಲಿತ್ತು" ಎಂದರು. ಅಲ್ಲಿ ಕಲ್ಲೆಲ್ಲಿಂದ ಬರಬೇಕು? ಬರೀ ಹಿಮ. ನಾನು ಸೌಟು ಹಿಡಿದುಕೊಂಡೇ ಅಳುತ್ತಿದ್ದೆ.

ಮಗಳು ಕಂಪನಿಗೆ ವಾಕಿಟಾಕಿಯಲ್ಲಿ ತಾನೇ ಸುದ್ದಿ ಹೇಳಿದಳು. ಏಳು ಜನರ ಗೊಣಗಾಟಕ್ಕೆ "ಶಿಖರ ಇಲ್ಲ, ಎಲ್ಲರೂ ಇಳೀರಿ" ಎಂದಳು. ಡೇರೆ ಬಿಚ್ಚಿಸಿ ತಂಡವನ್ನು ಇಳಿಸಲು ಅವಳು ಹಿಂದೆ ಉಳಿದಳು. ಭಾವನನ್ನು ಕರೆದುಕೊಂಡು ನಾನು ಮತ್ತು ಇಬ್ಬರು ಹೊರೆಯಾಳುಗಳು ಮುಂದೆ ಹೊರಟೆವು. "ಹೆತ್ತ ಮಗಳೇ ಹೊಟ್ಟೆ ಮೇಲೆ ಹೊಡೆದ್ಲು ನೋಡೋ" ಎಂದು ಭಾವ ದಾರಿಯುದ್ದಕ್ಕೂ ಶಪಿಸಿದರು. ಅರ್ಧ ದಾರಿಗೆ ಶಾಪವೂ ನಿಂತಿತು, ನನಗೆ ಇನ್ನೂ ಹೆದರಿಕೆಯಾಯಿತು. ಅಲ್ಲಿಂದ ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು ಇಳಿಸಿದೆವು.

ತಪ್ಪಲಿನ ಆಸ್ಪತ್ರೆಯ ಡಾಕ್ಟರಮ್ಮ ಆಮ್ಲಜನಕ ಹಾಕಿ, "ಇನ್ನರ್ಧ ದಿನ ತಡವಾಗಿದ್ರೆ ನನ್ನ ಹತ್ರ ತರೋ ಅವಶ್ಯಕತೆ ಇರ್ತಿರಲಿಲ್ಲ" ಎಂದರು. ಮರುದಿನ ಸಂಜೆಯೊಳಗೆ ಭಾವನಿಗೆ ಪೂರ್ತಿ ಎಚ್ಚರ ಬಂತು. ಕಂಪನಿಯವರು ಪಟ್ಟಿಯಿಂದ ಹೆಸರು ತೆಗೆದ ಸುದ್ದಿಯೂ ಬಂತು. ಭಾವ ಗೋಡೆಯ ಕಡೆ ಮುಖಮಾಡಿ ಮಲಗಿದರು.

ಕತ್ತಲಾಗುವ ಮುಂಚೆ ಮಗಳು ಬಂದಳು, ತುಟಿಯೆಲ್ಲ ಒಡೆದಿತ್ತು. ಒಳಗೆ ಬರಲು ಧೈರ್ಯವಾಗದೆ ಬಾಗಿಲಲ್ಲೇ ನಿಂತಳು. "ಏಳೂ ಜನ ಕ್ಷೇಮವಾಗಿ ಇಳಿದ್ರು ಅಪ್ಪ. ನನ್ನ ಬೈದುಬಿಡು."

ಭಾವ ಮೆಲ್ಲಗೆ ಈ ಕಡೆ ತಿರುಗಿದರು.

"ಬೈಯೋಕೆ ಅಂತ ನನ್ನ ಉಳಿಸ್ಕೊಂಡಿದ್ದೀಯಲ್ಲ, ಬೈತೀನಿ ಬಾ" ಎಂದವರು, ಅವಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು.