ನನ್ನ ಕಂಪ್ಯೂಟರಿನಲ್ಲಿ ಮೊದಲನೆಯದು

ಈಗ ಯಾರಾದರೂ ‘ನಂಬರ್ ಒನ್’ ಅಂದರೆ ನನಗೆ ಏನೂ ಅನಿಸುವುದಿಲ್ಲ. ಒಂದು ಕಾಲಕ್ಕೆ ಆ ಮಾತಿಗೆ ಎದೆ ಉಬ್ಬುತ್ತಿತ್ತು. ಎಂಥ ಹುಚ್ಚಪ್ಯಾಲಿ ನಾನು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ವೆಬ್‌ಸೈಟ್ ಮಾಡುವುದನ್ನು ಅರ್ಧಂಬರ್ಧ ಕಲಿತು ಇಳಕಲ್ಲಿಗೆ ಮರಳಿದ್ದೆ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್, ಒಳಗೆ ಅವಳ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗ. ಅವಳು ಇಪ್ಪತ್ತು ವರ್ಷದಿಂದ ಒಬ್ಬರೇ ಮಾಲಕರಿಗೆ ನೇಯುತ್ತಿದ್ದಳು. ಹಾಸಿನ ನೂಲು, ಹೊಕ್ಕಿನ ನೂಲು ಎರಡೂ ಅವರದೇ, ಇವಳದು ಕೂಲಿ. ತಾನು ನೇಯ್ದ ಸೀರೆ ಯಾರು ಉಟ್ಟರೆಂದು ಅವಳಿಗೆ ಒಮ್ಮೆಯೂ ಗೊತ್ತಾಗಿರಲಿಲ್ಲ.

ಇವಳ ಸೀರೆ ಇವಳೇ ಮಾರಲಿ ಎಂದು ಒಂದು ಸೈಟು ಮಾಡಿದೆ. ಮಗ್ಗದ ಫೋಟೋ ಹಾಕಿ, ಅದರ ಕೆಳಗೆ ‘ಕೈಮಗ್ಗದ್ದು’ ಎಂದೂ ನಮ್ಮ ಫೋನ್ ನಂಬರನ್ನೂ ಬರೆದು, ‘ಇಳಕಲ್ ಸೀರೆ’ ಎಂದು ಇಂಗ್ಲಿಷಿನಲ್ಲಿ ಮೇಲೆ, ಕೆಳಗೆ, ನಡುವೆ ತುಂಬಿದೆ. ಓದಿ ಹೇಳಿದ್ದಕ್ಕೆ ಅಕ್ಕ ನಕ್ಕಳು.

“ಹೇಳಿದ್ದ ಎಷ್ಟ ಸರ್ತಿ ಹೇಳ್ತಿಯೋ ತಮ್ಮಾ? ಓದಾವರ ತಲಿ ಚಿಟ್ಟ ಹಿಡದೀತು.”

“ಅದು ಮಂದಿಗಲ್ಲಕ್ಕಾ, ಮಷೀನಿಗೆ. ಯಾರರ ಹುಡುಕಿದ್ರ ನಮ್ಮದ ಮೊದ್ಲ ಬರಬೇಕು.”

ದಿನಾ ಬೆಳಿಗ್ಗೆ ಚಹಾ ಕುಡಿದು, ನನ್ನ ಮೇಲ್ ತೆರೆದು, ಅದೇ ಮಾತು ಹುಡುಕಿ, ನಮ್ಮ ಸೈಟು ಎಲ್ಲಿದೆಯೋ ಅಲ್ಲಿಗೆ ಹೋಗಿ ಒತ್ತುತ್ತಿದ್ದೆ. ಏಳನೇ ಪುಟದಲ್ಲಿದ್ದದ್ದು ಮೂರಕ್ಕೆ ಬಂತು, ಎರಡಕ್ಕೆ ಬಂತು. ಒಂದು ದಿನ ಎಲ್ಲಕ್ಕಿಂತ ಮೇಲೆ ಕೂತಿತ್ತು. ಅಕ್ಕನನ್ನು ಮಗ್ಗದಿಂದ ಎಬ್ಬಿಸಿಕೊಂಡು ಬಂದು ತೋರಿಸಿದೆ. ಅವಳು ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಹಳ ಹೊತ್ತು ನೋಡಿದಳು.

ಅದೇ ವಾರ ಮಾಲಕರ ಮನುಷ್ಯ ಹೊಸ ಹಾಸು ತಂದ. “ಈ ಸಲ ಬ್ಯಾಡ್ರಿ,” ಅಂದಳು ಅಕ್ಕ. “ಇನ್ನ ನಮ್ಮದ ನಾವ ನೇಯ್ತೇವ್ರಿ. ನಮ್ಮ ತಮ್ಮ ಮಾಡಿದ್ದು ಇಡೀ ಜಗತ್ತಿಗೆ ಮೊದ್ಲ ಬಂದೈತ್ರಿ.” ಅವನು ನನ್ನ ಮುಖ ನೋಡಿದ. ನಾನು ಅವನಿಗೂ ಸ್ಕ್ರೀನ್ ತೋರಿಸಿದೆ.

ಮೂರು ತಿಂಗಳಿಗೆ ಬಂದದ್ದು ಎರಡು ಫೋನು. ಒಂದು ರಾಂಗ್ ನಂಬರ್. ಇನ್ನೊಬ್ಬರು ಬಾದಾಮಿಯಲ್ಲಿ ರೂಮು ಸಿಗುತ್ತದೆಯೇ ಎಂದು ಕೇಳಿದರು. ನೇಯ್ದ ಸೀರೆಗಳು ಗೋಡೆಯ ಮಾಡದಲ್ಲಿ ಒಂದರ ಮೇಲೊಂದು ಕೂತವು. ಅಕ್ಕ ಕೇಳಿದಾಗೆಲ್ಲ “ಮೊದ್ಲ ಬಂದೈತಲ್ಲ, ತಡಿ” ಅನ್ನುತ್ತಿದ್ದೆ.

ಒಂದು ಸರ್ಟಿಫಿಕೇಟಿಗೆಂದು ಹುನಗುಂದದ ತಹಶೀಲ್ದಾರ ಕಚೇರಿಗೆ ಹೋಗಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದರು. ಎದುರಿಗೆ ಒಬ್ಬ ಹೆಣ್ಣುಮಗಳು ಸೈಬರ್ ಸೆಂಟರ್ ನಡೆಸುತ್ತಿದ್ದಳು. ನಮ್ಮ ಸೈಟು ತೋರಿಸಿ ದೊಡ್ಡಸ್ತಿಕೆ ಮಾಡೋಣವೆಂದು ಒಳಗೆ ಹೋಗಿ, “ಇಳಕಲ್ ಸೀರಿ ಅಂತ ಹುಡುಕ್ರಿ, ಮೊದಲನೇದು ನಮ್ಮದ” ಅಂದೆ. ಹುಡುಕಿದಳು. ಮೊದಲ ಪುಟದಲ್ಲಿ ಇರಲಿಲ್ಲ. ಎರಡರಲ್ಲೂ ಇರಲಿಲ್ಲ. ಒಂಬತ್ತನೇ ಪುಟದ ತನಕ ಆಕೆ ಬೇಸರಿಸದೆ ಹೋದಳು.

“ನಿಮ್ಮ ಮಷೀನಿನ್ಯಾಗ ದಿನಾ ಅದನ್ನ ಒತ್ತತೀರೇನ್ರಿ?”

“ಹೌದ್ರಿ.”

“ಅದಕ್ಕ ನಿಮಗ ನಿಮ್ಮದನ್ನ ಮುಂದ ಮಾಡಿ ತೋರಸ್ತೈತ್ರಿ. ಬ್ಯಾರೇದವರಿಗೆ ಹಂಗ ಕಾಣಂಗಿಲ್ರಿ.”

ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸರ್ಟಿಫಿಕೇಟ್ ಬಿಟ್ಟು ಬಸ್ ಹತ್ತಿದೆ. ಇಳಕಲ್ ಬಂತೆಂದು ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಇಳಿದೆ.

ಅಕ್ಕ ಸೆರಗಿನ ಹಾಸನ್ನು ಸೀರೆಯ ಒಡಲಿನ ಹಾಸಿನೊಂದಿಗೆ ಜೋಡಿಸುತ್ತಿದ್ದಳು. ಎಳೆಗೆ ಎಳೆ ಕೊಂಡಿ ಹಾಕುವ ಕೆಲಸ, ಒಬ್ಬರಿಂದ ಆಗುವುದಿಲ್ಲ. ನಾನು ಈಚೆ ಕೂತು ಎಳೆ ಹಿಡಿಯುತ್ತ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕೊನೆಯ ಕೊಂಡಿ ಹಾಕಿದ ಮೇಲೆ ಕೇಳಿದಳು.

“ಅಂದ್ರ ಯಾರಿಗೂ ಕಾಣಸೂದಿಲ್ಲೇನು?”

“ನನಗಷ್ಟ ಕಾಣಸ್ತೈತಿ, ಅಕ್ಕಾ.”

ಮರುದಿನ ಮಾಲಕರ ಮನೆಗೆ ಹೋಗಿ, ಮಾಡದಲ್ಲಿದ್ದ ಸೀರೆಗಳನ್ನು ಸಿಕ್ಕ ಬೆಲೆಗೆ ಕೊಟ್ಟು, ಮತ್ತೆ ಹಾಸು ಕೇಳಿ ಬಂದಳು. ಅವಳ ಹಾಸು ಬೇರೆಯವರಿಗೆ ಹೋಗಿಯಾಗಿತ್ತು. ಮಗ್ಗದ ಮೇಲಿದ್ದದ್ದನ್ನು ನೇಯ್ದು ಮುಗಿಸಿ, ಕುಣಿಯ ಮೇಲೆ ಹಲಗೆ ಮುಚ್ಚಿ, ಪವರ್‌ಲೂಮಿನ ಕೆಲಸಕ್ಕೆ ಹೊರಟಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಬೆಳಿಗ್ಗೆ ಹುಡುಕಿ ಒತ್ತುವ ಚಟ ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ದಿನ ಬುತ್ತಿ ಹಿಡಿದು ಹೊರಟ ಅಕ್ಕ ನನ್ನ ಬೆನ್ನ ಹಿಂದೆ ನಿಂತಳು.

“ಇನ್ನೂ ಮೊದಲನೇದ ಐತೇನು?”

“ಐತಿ.”

“ಕೈಮಗ್ಗದ್ದು ಅಂತ ಬರದೀಯಲ್ಲ, ತಗದಬಿಡು ತಮ್ಮಾ. ಯಾರರ ಖರೆ ಅಂತ ತಿಳಕೊಂಡು ಫೋನ್ ಮಾಡ್ಯಾರು.”

ಅವಳು ಓಣಿ ದಾಟುವ ಮೊದಲೇ ತೆಗೆದೆ, ಆ ಮಾತಷ್ಟೇ ಅಲ್ಲ, ಸೈಟಿನಲ್ಲಿದ್ದದ್ದನ್ನೆಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿದು ಹುಡುಕಿದೆ. ನನಗೆ ಅದು ಇನ್ನೂ ಎಲ್ಲಕ್ಕಿಂತ ಮೇಲೆಯೇ ಇತ್ತು. ಒತ್ತಿದೆ. ಬಿಳಿ ಪುಟ ತೆರೆಯಿತು.