ಚನ್ನಬಸಪ್ಪನವರ ಎರಡನೇ ಸಲ

ಭಾಷೆ ಮನುಷ್ಯರನ್ನು ಒಂದುಗೂಡಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅವರಲ್ಲಿ ಯಾರೂ ಜಾವಳಿ ಕಡೆಯ ನಮ್ಮ ಕಾಫಿ ಎಸ್ಟೇಟಿನ ವಾಕಿಟಾಕಿಗೆ ಕಿವಿಯಿಟ್ಟವರಲ್ಲ.

ಹಿಂದಿನ ಇಂಗ್ಲಿಷ್ ದೊರೆ ತೋಟದಲ್ಲಿ ಗಂಟೆ ಇದ್ದ ಬ್ಲಾಕಿಗೆ ಬೆಲ್, ಕಣಿವೆಯದಕ್ಕೆ ವೇಲ್, ಬಾವಿಯದಕ್ಕೆ ವೆಲ್ ಎಂದು ಹೆಸರಿಟ್ಟು ನೆಮ್ಮದಿಯಾಗಿ ಹಡಗು ಹತ್ತಿದ್ದ. ತಮಿಳು ಮೇಸ್ತ್ರಿಯ ಬಾಯಲ್ಲಿ ಮೂರೂ ‘ವೆಲ್ಲು’. ಆನೆ ಬಂತೇ ಎಂದು ನೋಡಿ ಹೇಳುವ ವಾಚರ್, ಅಸ್ಸಾಮಿನ ದೀಪಕನ ಬಾಯಲ್ಲಿ ಮೂರೂ ‘ಭೇಲ್’. ಲೆಕ್ಕ ಬರೆಯುವ ರೈಟರ್ ಚನ್ನಬಸಪ್ಪನವರು ಮಾತ್ರ ಕಣ್ಣು ಮುಚ್ಚಿ, ಮಂತ್ರ ಕೇಳುವವರಂತೆ ತಲೆದೂಗಿ ಯಾವುದು ಯಾವುದೆಂದು ಬಿಡಿಸುತ್ತಿದ್ದರು.

“ವೇಲ್ ಅನ್ನೋವಾಗ ಸ್ವಲ್ಪ ಎಳೀತಾನೆ ಮಾರಾಯ, ನಿಂಗೆ ಕೇಳ್ಸಲ್ವಾ?” ಸ್ಟೋರ್ ನೋಡಿಕೊಳ್ಳುತ್ತಿದ್ದ ನನಗೆ ಕೇಳಿಸುತ್ತಿರಲಿಲ್ಲ.

ಇಂಥ ಕಿವಿಯನ್ನೂ ಅವರು ನಂಬುತ್ತಿರಲಿಲ್ಲ. ಆನೆಯಿಲ್ಲ ಎಂಬ ಸುದ್ದಿ ಎರಡು ಸಲ ಬರದೆ ಆಳುಗಳಿಗೆ ತೋಟದ ಗೇಟು ತೆಗೆಯುತ್ತಿರಲಿಲ್ಲ. “ಮೊದಲ್ನೇ ಸಲ ಬಾಯಿ ಹೇಳ್ತದೆ. ಎರಡನೇ ಸಲ ಮನುಷ್ಯ ಹೇಳ್ತಾನೆ.” ಊಟಿಯಲ್ಲಿ ಓದಿದ ಧಣಿಗಳು ಫೋನಿನಲ್ಲಿ ವ್ಯಾನ್ ಕಳಿಸಿ ಎಂದಾಗಲೂ, “ಇನ್ನೊಂದ್ಸಲ ಹೇಳಿ ಸಾರ್” ಎಂದರು.

“ನಾನೇನು ಆನೆಯೇನ್ರೀ?”

“ಅಲ್ಲ ಅಂತ ಎರಡು ಸಲ ಹೇಳಿ ಸಾರ್.”

ಕುಯ್ಲಿನ ಕಾಲದ ಒಂದು ಬೆಳಿಗ್ಗೆ ಮಂಜು ಗೇಟಿನವರೆಗೂ ಇಳಿದಿತ್ತು. ಹಿಂದಿನ ದಿನ ನರ್ಸರಿ ದಾರಿಯಲ್ಲಿ ಬಿಸಿ ಲದ್ದಿ ಸಿಕ್ಕಿತ್ತು. ಹೆಂಗಸರು ಹಣ್ಣಿನ ಚೀಲ ಸೊಂಟಕ್ಕೆ ಕಟ್ಟಿ ನಿಂತಿದ್ದರು. ದೀಪಕನ ದನಿ ಬಂತು: “ಭೇಲ್ ಕ್ಲಿಯರ್.”

“ವೇಲ್. ಸರಿ. ಇನ್ನೊಂದ್ಸಲ ಹೇಳು.”

ಬರೀ ಗೊರಗೊರ ಸದ್ದು. ಆಮೇಲೆ ಅದೂ ಇಲ್ಲ.

ಹೊಸ ಮ್ಯಾನೇಜರ್ ವಾಚು ನೋಡಿಕೊಂಡರು. “ಕ್ಲಿಯರ್ ಅಂದ್ನಲ್ರೀ! ಹಣ್ಣು ಉದುರ್ತಾ ಇದೆ, ತೆಗೀರಿ.”

“ಒಂದೇ ಸಲ ಅಂದ ಸಾರ್.”

ಅರ್ಧ ಗಂಟೆ ಕಾದೆವು. ಕಣಿವೆಯಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ಚನ್ನಬಸಪ್ಪನವರು ಎದ್ದು ಕೊಡೆ ತೆಗೆದುಕೊಂಡರು. “ನಾನೇ ಹೋಗಿ ಕೇಳ್ಕೊಂಡು ಬರ್ತೀನಿ.” ಒಳಗೆ ಹೋಗಿ, ಆ ಕಡೆಯಿಂದ ಗೇಟಿಗೆ ಬೀಗ ಹಾಕಿದರು.

“ಕೀಲಿ ಕೊಟ್ಟು ಹೋಗಿ” ಎಂದೆ.

“ನೀನು ಮೆತ್ತಗಿನ ಮನುಷ್ಯ ಮಾರಾಯ. ಅವ್ರು ಗದರಿದ್ರೆ ಕೊಟ್ಬಿಡ್ತೀಯ.”

ಕೊಡೆ ಊರಿಕೊಂಡು ಹೋದವರನ್ನು ಮಂಜು ಹತ್ತೇ ಹೆಜ್ಜೆಗೆ ಮರೆಮಾಡಿತು. ಸ್ವಲ್ಪ ಹೊತ್ತಿಗೆ ಕಣಿವೆಯ ಕಡೆ ಎಲ್ಲೋ ಸಿಲ್ವರ್ ಓಕ್ ಮರ ಮುರಿದ ಸದ್ದಾಯಿತು. ಮ್ಯಾನೇಜರ್ ಮತ್ತೆ ಗೇಟಿನ ಮಾತೆತ್ತಲಿಲ್ಲ.

ಹಲಸಿನ ಮರ ಹತ್ತಿ ಕೂತಿದ್ದ ದೀಪಕ ಮಧ್ಯಾಹ್ನ ಇಳಿದು ಬಂದ. ಕ್ಲಿಯರ್ ಅಂದ ಮರುಗಳಿಗೆಯೇ ಆನೆ ಕಂಡು ಓಡುವಾಗ ಅವನ ವಾಕಿಟಾಕಿ ಬಿದ್ದುಹೋಗಿತ್ತು. ಚನ್ನಬಸಪ್ಪನವರನ್ನು ಸಂಜೆ ಕಂಬಳಿಯಲ್ಲಿ ಹೊತ್ತು ತಂದರು. ಕೀಲಿ ಅವರ ಅಂಗಿಯ ಜೇಬಿನಲ್ಲಿತ್ತು.